ಅಂಗೈ ಮರೆಯ ಓದು

ಶಹಾಪುರದ ತಹಸೀಲ್ ಕಚೇರಿ ಎದುರಿಗೆ ಒಂದು ಬೇವಿನ ಮರ, ಮರದ ಕೆಳಗೆ ಒಂದು ತಗಡಿನ ಡಬ್ಬಿ ಅಂಗಡಿ. ಆ ಡಬ್ಬಿಯೊಳಗೆ ಮನ್ಸೂರಅಲಿ ಇಪ್ಪತ್ತೆಂಟು ವರ್ಷ ಕೂತ. ಅರ್ಜಿ ಬರೆಯುವವರು, ಸ್ಟ್ಯಾಂಪ್ ಪೇಪರ್ ಮಾರುವವರು, ಜೆರಾಕ್ಸಿನವರು ಎಲ್ಲರೂ ಆ ಸಾಲಿನಲ್ಲಿ ಇದ್ದರು. ಆದರೆ ಇವನ ಕೆಲಸ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ನಿಜಾಮರ ಕಾಲದ ಉರ್ದು ಪಹಣಿ ಓದಿ, ಹೊಲ ಯಾರ ಹೆಸರಿನಲ್ಲಿತ್ತು, ಯಾವ ವರ್ಷ ಯಾರು ಸಾಗು ಮಾಡಿದರು ಎಂದು ಕನ್ನಡದಲ್ಲಿ ಹೇಳುವುದು. ಹೇಳುವುದಷ್ಟೇ, ತೋರಿಸುವುದಲ್ಲ.

ಓದುವಾಗ ಅವನ ಎಡ ಅಂಗೈ ಕಾಗದದ ಮೇಲೆ ಇರುತ್ತಿತ್ತು. ಒಂದು ಸಾಲು ಓದಿ ಮುಗಿದರೆ ಅಂಗೈ ಅರ್ಧ ಇಂಚು ಕೆಳಗೆ ಜಾರುತ್ತಿತ್ತು, ಓದಿದ ಸಾಲಿನ ಮೇಲೆ ಬಲಗೈಯಲ್ಲಿದ್ದ ರಟ್ಟಿನ ತುಂಡು ಬಂದು ಕೂರುತ್ತಿತ್ತು. ಬೆಂಚಿನ ಮೇಲೆ ಕತ್ತು ಚಾಚಿ ಕೂತ ಗಿರಾಕಿಗೆ ಕಾಣುತ್ತಿದ್ದದ್ದು ಐದು ಬೆರಳು, ಒಂದು ಬೆಳ್ಳಿ ಉಂಗುರ. ಇದು ಅವನ ಅಪ್ಪ, ಸುರಪುರದ ಮೈನುದ್ದೀನ ಮುನ್ಷಿ, ಅಕ್ಷರಕ್ಕಿಂತ ಮೊದಲೇ ಕಲಿಸಿದ ಪಾಠ.

"ನೋಡಿದ್ರ ಕಲೀತಾರ. ಕಲತ್ರ ನಿನ್ನ ಕಡಿ ಯಾಕ ಬರ್ತಾರ?" ಎಂದಿದ್ದ ಮುನ್ಷಿ. ಸಾಯುವಾಗ ಮಗನಿಗೆ ಬಿಟ್ಟುಹೋದ ಆಸ್ತಿಯೂ ಅದೇ: ಆ ಮಾತು, ಮತ್ತು ಹಳೆಯ ದಫ್ತರಿನ ಉರ್ದು ಕೂಡುಬರಹದ ಮೋಡಿ ಅಕ್ಷರಗಳನ್ನೆಲ್ಲ ಬಿಡಿಸಿ ಬರೆದಿಟ್ಟ ದಪ್ಪನೆಯ ಒಂದು ನೋಟ್‌ಬುಕ್ಕು.

ಮೊದಮೊದಲು ಮನ್ಸೂರಅಲಿಯ ಅಂಗಡಿಗೆ ನೊಣ ಬಿಟ್ಟರೆ ಬೇರೆ ಯಾರೂ ಬರುತ್ತಿರಲಿಲ್ಲ. ಮಳೆ ನಂಬಿಕೊಂಡ ಹೊಲದ ಹಳೇ ಪಹಣಿ ಯಾರಿಗೆ ಬೇಕು? ಆಮೇಲೆ ಕೆನಾಲು ಬಂತು. ತೊಗರಿ, ಜೋಳ ಕಂಡಿದ್ದ ಹೊಲಗಳಿಗೆ ಕೃಷ್ಣೆಯ ನೀರು ಬಂದು ಭತ್ತ ತೂಗತೊಡಗಿತು. ಆಗ ನೋಡಿ, ಊರೂರಲ್ಲಿ ಸತ್ತ ಅಜ್ಜಂದಿರಿಗೆ ಎಲ್ಲಿಲ್ಲದ ಮರ್ಯಾದೆ ಬಂತು. ಅಜ್ಜನನ್ನು ಎಲ್ಲಿ ಹೂಳಿದ್ದಾರೆ ಎಂದು ಗೊತ್ತಿಲ್ಲದವರೂ ಅಜ್ಜನ ಹೆಸರು ಯಾವ ಸರ್ವೆ ನಂಬರಿನಲ್ಲಿದೆ ಎಂದು ಹುಡುಕುತ್ತ ಬೇವಿನ ಮರದ ಕೆಳಗೆ ಬಂದು ನಿಂತರು. ಮನ್ಸೂರಅಲಿಯ ಅಂಗೈಗೆ ಬಿಡುವಿಲ್ಲದಾಯಿತು.

ಅವನ ಮಗಳು ಆಮೀನಾ ಡಿಪ್ಲೊಮಾ ಮುಗಿಸಿ ಶಹಾಪುರದಲ್ಲೇ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಅಜ್ಜನ ನೋಟ್‌ಬುಕ್ಕಿಗೆ ಗೆದ್ದಲು ಹತ್ತಿದ್ದನ್ನು ನೋಡಿದವಳು ಅವಳೇ. ಒಂದು ವರ್ಷ ಕೂತು, ಆ ಎಂಟುನೂರ ನಲವತ್ತು ಮೋಡಿಗಳ ಚಿತ್ರ ತೆಗೆದು, ಅವಳೊಂದು ಪ್ರೋಗ್ರಾಂ ಬರೆದಳು. ಉರ್ದು ಬಾರದವರೂ ಪಹಣಿಯಲ್ಲಿರುವ ಗೆರೆಯಂಥದೇ ಗೆರೆಯನ್ನು ಪರದೆಯ ಮೇಲೆ ಹುಡುಕಿ ಒತ್ತಿದರೆ, ಅದು ಕನ್ನಡದಲ್ಲಿ ಹೇಳುತ್ತಿತ್ತು. ನಿಜಾಮರ ಫಸಲಿ ಸನ್ನನ್ನೂ ನಮ್ಮ ಇಸವಿಗೆ ತಿರುಗಿಸುತ್ತಿತ್ತು. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ಒಂದು ಫಸಲಿ ನಮ್ಮ ಎರಡು ಇಸವಿಗಳಲ್ಲಿ ಕಾಲು ಚಾಚಿಕೊಂಡಿರುತ್ತದೆ. ಯಾವ ಇಸವಿ ಎನ್ನುವುದು ತಿಂಗಳು, ಅಂದರೆ ಮಾಹೆ, ತಿಳಿದರೆ ಮಾತ್ರ ಗೊತ್ತಾಗುತ್ತದೆ. ಮಾಹೆ ಅಳಿಸಿಹೋಗಿದ್ದರೆ ಪ್ರೋಗ್ರಾಂ ಸುಮ್ಮನೆ ಹೀಗೆ ಬರೆಯುತ್ತಿತ್ತು: 'ಮಾಹೆ ತಿಳಿಯದು. ಓದಬಲ್ಲ ಮನುಷ್ಯನನ್ನು ಕೇಳಿ.' ಆ ಸಾಲು ಮನ್ಸೂರಅಲಿ ಹೇಳಿ ಹಾಕಿಸಿದ್ದು. ಓದಬಲ್ಲ ಮನುಷ್ಯ ಯಾರು ಎಂದು ಬೇರೆ ಹೇಳಬೇಕಿರಲಿಲ್ಲ.

ಪ್ರೋಗ್ರಾಮನ್ನು ಜಗತ್ತಿಗೆ ಬಿಡುವ ಮುಂಚೆ ಅದಕ್ಕೊಂದು ಲೈಸೆನ್ಸ್ ಬೇಕು ಎಂದಳು ಆಮೀನಾ. ಮುಕ್ತ ತಂತ್ರಾಂಶದ ಲೈಸೆನ್ಸ್ ಎಂದರೇನು ಎಂದು ಅಪ್ಪನಿಗೆ ಚಹಾ ಆರುವಷ್ಟು ಹೊತ್ತು ಬಿಡಿಸಿ ಹೇಳಿದಳು.

"ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು, ಮಂದಿಗಿ ಹಂಚಬಹುದು ಅಬ್ಬಾ. ಆದ್ರ ಯಾರಿಗಿ ಪ್ರೋಗ್ರಾಂ ಕೊಡ್ತಾರೋ ಅವರಿಗಿ ಒಳಬರಹಾನೂ ಕೊಡಬೇಕು. ಯಂತ್ರ ಹ್ಯಾಂಗ ಲೆಕ್ಕ ಹಾಕ್ತದ ಅನ್ನೋದು ಮುಚ್ಚಿ ಇಡಂಗಿಲ್ಲ. ಮತ್ತ ಮೊದಲು ಮಾಡಿದವರ ಹೆಸರು ಅಳಿಸಂಗಿಲ್ಲ."

ಹೆಸರು ಅಳಿಸುವಂತಿಲ್ಲ ಎಂಬುದು ಮನ್ಸೂರಅಲಿಗೆ ಬಹಳ ಹಿಡಿಸಿತು. ಒಳಬರಹ ಕೊಡುವುದಕ್ಕೂ ಅವನ ಅಡ್ಡಿ ಇರಲಿಲ್ಲ. ಇಂಗ್ಲಿಷಿನ ಆ ಕಾಗೆಕಾಲು ಗುಬ್ಬಿಕಾಲು ಬರಹವನ್ನು ಶಹಾಪುರದಲ್ಲಿ ಓದುವವರು ಯಾರು? ಅಮೆರಿಕದವರು, ಜಪಾನಿನವರು ಬೇಕಾದರೆ ಓದಿಕೊಳ್ಳಲಿ. ಅವರೇನು ದೋರನಹಳ್ಳಿಯ ಪಹಣಿ ಹಿಡಿದು ಇವನ ಬೆಂಚಿಗೆ ಬರುವವರಲ್ಲ.

"ಇದರಾಗ ಇನ್ನೊಂದು ನಮೂನಿನೂ ಅದ," ಎಂದಳು ಆಮೀನಾ. "ಪ್ರೋಗ್ರಾಂ ಯಾರಿಗೂ ಕೊಡದ, ತಮ್ಮ ಸರ್ವರದಾಗ ಇಟ್ಕೊಂಡು, ನೆಟ್ಟಿನ ತಂತಿ ಮ್ಯಾಲ ಬರೇ ಉತ್ತರ ಕೊಡೋರು ಇರ್ತಾರಲ್ಲ? ಅವರೂ ಉತ್ತರ ಕೇಳಿದವರಿಗಿ ಒಳಬರಹ ತೋರಿಸಬೇಕು ಅಂತ ಒಂದು ಕಲಂ ಜಾಸ್ತಿ ಇರೋದು. ನಾವು ಅದನ್ನ ಹಾಕೋಣು."

ಮನ್ಸೂರಅಲಿ ಚಹಾದ ಲೋಟ ಕೆಳಗಿಟ್ಟ.

"ಬರೇ ಉತ್ತರ ಕೇಳಿದವರಿಗೂ ತೋರಿಸಬೇಕಂತ? ಅದ್ಯಾವ ನ್ಯಾಯ? ಉತ್ತರ ಕೊಡಾಂವ ಯಾಕ ತೋರಿಸಬೇಕು? ಹಂಗಾದ್ರ ನಾಳಿ ನನ್ನ ಬೆಂಚಿಗಿ ಬಂದವರು..." ಎಂದವನು ಅಲ್ಲಿಗೇ ನಿಲ್ಲಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಶಹಾಪುರದಾಗ ಕರೆಂಟಾ ಇರಂಗಿಲ್ಲ, ತಂತಿ ಮ್ಯಾಲ ಪಹಣಿ ಯಾರು ಓದ್ತಾರ? ಆ ಕಲಂ ಇಲ್ಲದ ಸಣ್ಣದಾ ಹಾಕು," ಎಂದ.

ಸಣ್ಣದೇ ಹಾಕಿದರು. ಮಗಳು ಅಪ್ಪನ ಮುಖ ನೋಡಿದಳು. ಆ ವಾರ ಮನ್ಸೂರಅಲಿ ಪಕ್ಕದ ಜೆರಾಕ್ಸಿನವನಿಗೆ, ಎದುರಿನ ಚಹಾದವನಿಗೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ ಪರಿಚಯವಿಲ್ಲದ ಮಾಸ್ತರನಿಗೆ, ತನ್ನ ಮನೆತನದ ವಿದ್ಯೆಯನ್ನು ಇಡೀ ದುನಿಯಾಕ್ಕೆ ಮುಫತ್ತಾಗಿ ಬಿಟ್ಟುಕೊಟ್ಟದ್ದನ್ನು ಹೇಳಿದ. ಹೇಳುವಾಗಲೂ ಎಡ ಅಂಗೈ ಯಾರದೋ ಪಹಣಿಯ ಮೇಲೆ ಇತ್ತು.

ಯಾದಗಿರಿ ಜಿಲ್ಲೆಯಾಯಿತು. ಹೊಸ ಜಿಲ್ಲೆ ಎಂದ ಮೇಲೆ ಹೊಸ ಬೋರ್ಡುಗಳು, ಹೊಸ ಬೋರ್ಡುಗಳ ಕೆಳಗೆ ಹೊಸ ಕಂಪನಿಗಳು. ಅಂಥದೊಂದು ಕಂಪನಿ ಊರೂರಲ್ಲಿ 'ಹಳೇ ದಾಖಲೆ ಸೇವಾ ಕೇಂದ್ರ' ತೆಗೆಯಿತು. ಉರ್ದು ಪಹಣಿಯ ಪ್ರತಿ ಒಯ್ದರೆ ಎರಡು ನಿಮಿಷದಲ್ಲಿ ಕನ್ನಡದ ಚೀಟಿ, ಅದರ ಮೇಲೆ ಬಣ್ಣದ ಮೊಹರು. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಕೇಂದ್ರವನ್ನು ದೇವಿಂದ್ರ ಎಂಬುವನು ಹಿಡಿದ. ಮೊದಲು ಮೊಬೈಲ್ ರಿಪೇರಿ ಮಾಡುತ್ತಿದ್ದ, ಬಾಯಿ ಒಳ್ಳೆಯದಿದ್ದ ಮನುಷ್ಯ. ಮನ್ಸೂರಅಲಿ ಒಮ್ಮೆ ಇಣುಕಿ ನೋಡಿದ. ಪರದೆಯ ಮೇಲೆ ಅಪ್ಪನ ನೋಟ್‌ಬುಕ್ಕಿನ ಮೋಡಿಗಳು ಸಾಲಾಗಿ ನಿಂತಿದ್ದವು. ಚೀಟಿಯ ಬುಡದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಮೂಲ ಓದು: ಮನ್ಸೂರಅಲಿ, ಶಹಾಪುರ' ಎಂದಿತ್ತು. ಲೈಸೆನ್ಸ್ ಹೇಳಿದಂತೆ ಹೆಸರು ಅಳಿಸಿರಲಿಲ್ಲ. ಅವನು ಆ ಚೀಟಿಯನ್ನು ಫ್ರೇಮ್ ಹಾಕಿಸಿ ಡಬ್ಬಿ ಅಂಗಡಿಯಲ್ಲಿ ತೂಗುಹಾಕಿದ. ಗಿರಾಕಿಗಳೆಲ್ಲ ದೇವಿಂದ್ರನ ಕಡೆ ಹೊರಳಿದ್ದು ಗೊತ್ತಾಗುವ ಹೊತ್ತಿಗೆ ಫ್ರೇಮಿನ ಮೇಲೆ ಧೂಳು ಕೂತಿತ್ತು.

ಬೆಂಚಿನ ಮೇಲೆ ಉಳಿದವಳು ಲಾಲಮ್ಮ ಒಬ್ಬಳು.

ದೋರನಹಳ್ಳಿಯ ಲಾಲಮ್ಮನಿಗೆ ಎರಡು ಎಕರೆ ಹತ್ತು ಗುಂಟೆ ಹೊಲ. ಮಾವ ಅಂಬ್ರಪ್ಪ ಸಾಗು ಮಾಡಿದ್ದು, ಗಂಡ ಮಾಡಿದ್ದು, ಈಗ ಅವಳೇ ಮಾಡುತ್ತಿರುವುದು. ಕೆನಾಲಿನ ನೀರು ಹೊಲದ ಬದುವಿಗೆ ಬಂದ ವರ್ಷ ಅದೇ ಊರಿನ ಹಣಮಂತ್ರಾಯನಿಗೆ ತನ್ನ ಅಜ್ಜ ಆ ಹೊಲವನ್ನು ಅದರ ಹಳೇ ಮಾಲೀಕನಿಂದ ನಲವತ್ತೆಂಟರ ಜನವರಿಯಲ್ಲಿ ಖರೀದಿ ಮಾಡಿದ್ದ ನೆನಪಾಯಿತು. ನೆನಪಿನ ಜೊತೆ ಒಂದು ಕಾಗದವೂ ಸಿಕ್ಕಿತು. ಕಂದಾಯ ಅಧಿಕಾರಿಯ ಮುಂದೆ ವಿಚಾರಣೆ ಶುರುವಾಯಿತು. ಪ್ರಶ್ನೆ ಇಷ್ಟೇ: ಪಹಣಿಯಲ್ಲಿ ಅಂಬ್ರಪ್ಪನ ಹೆಸರು ಬಂದದ್ದು ಆ ಜನವರಿಗಿಂತ ಮೊದಲೋ, ಆಮೇಲೋ? ಮೊದಲಾದರೆ ಮಾರಲು ಆ ಹಳೇ ಮಾಲೀಕನಿಗೆ ಹಕ್ಕೇ ಉಳಿದಿರಲಿಲ್ಲ, ಹೊಲ ಲಾಲಮ್ಮನದು; ಆಮೇಲಾದರೆ ಹಣಮಂತ್ರಾಯನದು.

ಪಹಣಿಯಲ್ಲಿ ಫಸಲಿ ಹದಿಮೂರುನೂರ ಐವತ್ತೇಳು ಎಂದು ಸ್ಪಷ್ಟವಾಗಿತ್ತು. ಮಾಹೆಯ ಮೇಲೆ ಮಾತ್ರ ಯಾವ ಕಾಲದ್ದೋ ಎಣ್ಣೆಯ ಕಲೆ. ಮನ್ಸೂರಅಲಿ ಅಂಗೈ ಜಾರಿಸುತ್ತ ಓದಿ, "ಆಜುರ್ ಮಾಹೆ ಅದ. ಮೊದಲನೇ ತಿಂಗಳು. ಅಂದ್ರ ನಲವತ್ತೇಳರ ಅಕ್ಟೋಬರ್. ಹೊಲ ನಿಂದಾ ಬಿಡು ಯಕ್ಕಾ," ಎಂದಿದ್ದ. ಲಾಲಮ್ಮ ನಕ್ಕು, ಸೆರಗಿನ ಗಂಟು ಬಿಚ್ಚಿ, ಅವನಿಗೂ ತನಗೂ ಚಹಾ ತರಿಸಿದ್ದಳು.

ವಿಚಾರಣೆಯ ದಿನ ಅಧಿಕಾರಿ ಇಬ್ಬರ ಕಾಗದವನ್ನೂ ನೋಡಿದರು. ಹಣಮಂತ್ರಾಯ ಕೇಂದ್ರದ ಬಣ್ಣದ ಮೊಹರಿನ ಚೀಟಿ ತಂದಿದ್ದ. ಅದರಲ್ಲಿ 'ಆಬಾನ್ ಮಾಹೆ, ಸೆಪ್ಟೆಂಬರ್ 1948' ಎಂದಿತ್ತು. ಮನ್ಸೂರಅಲಿ ಎದ್ದು ನಿಂತು, ಅದು ತಪ್ಪು, ತಾನು ಕಣ್ಣಾರೆ ಓದಿದ್ದೇನೆ ಎಂದ.

"ನಿಮ್ಮ ಹೆಸರೇನು?" ಎಂದರು ಅಧಿಕಾರಿ.

"ಮನ್ಸೂರಅಲಿ ರೀ."

ಅಧಿಕಾರಿ ಚೀಟಿಯ ಬುಡಕ್ಕೆ ಕನ್ನಡಕ ಹಿಡಿದು ಓದಿದರು. "ಇಲ್ಲೂ ಮನ್ಸೂರಅಲಿ, ಶಹಾಪುರ ಅಂತಲೇ ಇದೆ. ಚೀಟಿಯಲ್ಲಿ ನೀವೇ ನಲವತ್ತೆಂಟು ಅಂತೀರಿ, ಬಾಯಲ್ಲಿ ನೀವೇ ನಲವತ್ತೇಳು ಅಂತೀರಿ. ನಾನು ಯಾವ ಮನ್ಸೂರಅಲಿಯನ್ನು ನಂಬಲಿ?"

ಕೋಣೆಯಲ್ಲಿ ನಗು ಎದ್ದಿತು. ಜೋರಾಗಿ ನಕ್ಕವನು ಹಣಮಂತ್ರಾಯ. ಲಾಲಮ್ಮ ನಗಲಿಲ್ಲ. ಅಧಿಕಾರಿ ಒಂದು ತಿಂಗಳು ಮುಂದಕ್ಕೆ ಹಾಕಿ, ಅಷ್ಟರಲ್ಲಿ ಚೀಟಿ ತಪ್ಪು ಎನ್ನುವುದಕ್ಕೆ ಆಧಾರ ತನ್ನಿ ಎಂದರು. ಹೊರಗೆ ಬಂದ ಮೇಲೆ ಲಾಲಮ್ಮ ಅವನನ್ನು ನೋಡಿ ಕೇಳಿದ್ದು ಒಂದೇ ಮಾತು: "ಸಾಬ್ರ, ನಿಮ್ಮ ಮಷಿನ್ ನಿಮ್ಮ ಮಾತಾ ಕೇಳಂಗಿಲ್ಲೇನು?"

ಮರುದಿನ ಅಪ್ಪ ಮಗಳು ಯಾದಗಿರಿಯ ಬಸ್ ಹತ್ತಿದರು. ಕಂಪನಿಯ ಆಫೀಸು ತಣ್ಣಗಿತ್ತು, ಮ್ಯಾನೇಜರು ಅದಕ್ಕಿಂತ ತಣ್ಣಗಿದ್ದರು. ಬೆಂಗಳೂರು ಕಡೆಯವರು, ಬಾಯಿ ತುಂಬ ಸರ್ ಅನ್ನುವವರು.

"ಬನ್ನಿ ಸರ್, ಕೂತ್ಕೊಳ್ಳಿ. ನಿಮ್ಮ ಹೆಸರು ದಿನಾ ನೋಡ್ತೀವಿ, ಮನುಷ್ಯರನ್ನ ಇವತ್ತು ನೋಡಿದ ಹಾಗಾಯ್ತು."

ಆಮೀನಾ ನೇರ ವಿಷಯಕ್ಕೆ ಬಂದಳು. ತಾವು ಬರೆದ ಪ್ರೋಗ್ರಾಂ ಮಾಹೆ ತಿಳಿಯದಿದ್ದರೆ ತಿಳಿಯದು ಎನ್ನುತ್ತಿತ್ತು, ಕಂಪನಿಯದು ಆಬಾನ್ ಎಂದಿದೆ. ಅಂದರೆ ಒಳಗೆ ಏನೋ ತಿದ್ದಿದ್ದೀರಿ. ಲೈಸೆನ್ಸಿನ ಪ್ರಕಾರ ತಿದ್ದಿದ ಒಳಬರಹ ಕೊಡಿ.

ಮ್ಯಾನೇಜರು ಮುಗುಳ್ನಕ್ಕು ಡ್ರಾಯರಿನಿಂದ ಅದೇ ಲೈಸೆನ್ಸಿನ ಪ್ರತಿ ತೆಗೆದರು. ಅದರಲ್ಲಿ ಹಳದಿ ಗೆರೆ ಎಳೆದಿತ್ತು. "ಮೇಡಂ, ಪ್ರೋಗ್ರಾಂ ಯಾರಿಗೆ ಕೊಡ್ತೀವೋ ಅವರಿಗೆ ಒಳಬರಹ ಕೊಡಬೇಕು ಅಂತಿದೆ. ನಾವು ಯಾರಿಗೂ ಕೊಟ್ಟಿಲ್ಲ. ಅದು ನಮ್ಮ ಸರ್ವರ್‌ನಲ್ಲೇ ಇದೆ. ಕೇಂದ್ರದವರು ಕೇಳ್ತಾರೆ, ನಾವು ಉತ್ತರ ಕೊಡ್ತೀವಿ, ಅಷ್ಟೇ. ಬರೀ ಉತ್ತರ ಕೊಡೋರೂ ತೋರಿಸಬೇಕು ಅನ್ನೋ ಲೈಸೆನ್ಸ್ ಬೇರೆ ಇದೆ. ನೀವು ಅದನ್ನ ಹಾಕಿಲ್ಲ. ಯಾಕೆ ಹಾಕಿಲ್ಲ ಅಂತ ನಮಗೂ ಆಶ್ಚರ್ಯ ಆಯ್ತು."

ಆಮೀನಾ ಅಪ್ಪನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು.

"ನನ್ನ ಅಪ್ಪನ ನೋಟ್‌ಬುಕ್ ಅದು," ಎಂದ ಮನ್ಸೂರಅಲಿ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು. "ನನ್ನ ಹೆಸರು ಹಾಕಿ ಸುಳ್ಳು ಹೇಳಾಕತ್ತೀರಿ. ಹ್ಯಾಂಗ ಹೇಳಾಕತ್ತೀರಿ ಅಂತ ನನಗಾದ್ರೂ ತೋರಿಸ್ರಿ."

"ಉತ್ತರ ಬೇಕಾದ್ರೆ ಶಹಾಪುರದ ಕೇಂದ್ರದಲ್ಲಿ ಕೇಳಬಹುದು ಸರ್. ನಿಮಗೆ ಸರದಿಯಿಂದ ವಿನಾಯಿತಿ ಕೊಡ್ತೀವಿ," ಎಂದರು ಮ್ಯಾನೇಜರು.

ತನ್ನದೇ ಪ್ರೋಗ್ರಾಮಿನ ಕಿಟಕಿಯಲ್ಲಿ ಸರದಿ ಇಲ್ಲದೆ ನಿಲ್ಲುವ ಗೌರವ ಹೊತ್ತುಕೊಂಡು ಮನ್ಸೂರಅಲಿ ವಾಪಸು ಬಸ್ ಹತ್ತಿದ. ಭೀಮಾ ಸೇತುವೆ ದಾಟಿದ ಮೇಲೆ ಅವನೇ, "ನೀ ಹೇಳಿದ್ದಿ," ಎಂದ. "ಹೌದು," ಎಂದಳು ಆಮೀನಾ. ಆ ಮಾತು ಅಲ್ಲಿಗೆ ಮುಗಿಯಿತು.

ವಿಚಾರಣೆಗೆ ಇನ್ನೂ ಇಪ್ಪತ್ತು ದಿನ ಇರುವಾಗ ಕೆನಾಲು ಲಾಲಮ್ಮನ ಪರ ನಿಂತಿತು. ಹೂಳು ತೆಗೆಯುತ್ತಿದ್ದ ಜೆಸಿಬಿಯೊಂದು ದಂಡೆಯ ಜೊತೆಗೆ ಅಲ್ಲಿ ಹೂತಿದ್ದ ಕೇಬಲನ್ನೂ ಎತ್ತಿ ಪಕ್ಕಕ್ಕೆ ಹಾಕಿತು. ಶಹಾಪುರದ ನೆಟ್ ಹೋಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ನಾಲ್ಕು ದಿನ ಕಳೆಯಿತು. ದೇವಿಂದ್ರನ ಕೇಂದ್ರದ ಮುಂದೆ ಜನ ಸೇರಿ ಬೈಯತೊಡಗಿದರು. ಐದನೇ ದಿನ ಯಾದಗಿರಿಯಿಂದ ಒಬ್ಬ ಬಂದು ಕಪ್ಪು ಡಬ್ಬಿಯಂಥ ಕಂಪ್ಯೂಟರೊಂದನ್ನು ಇಟ್ಟುಹೋದ. ಪ್ರೋಗ್ರಾಂ ಅದರೊಳಗೇ ಇತ್ತು, ನೆಟ್ ಬೇಕಿರಲಿಲ್ಲ. ಕೇಂದ್ರ ಮತ್ತೆ ನಡೆಯಿತು.

ಇದನ್ನು ಆಮೀನಾಳಿಗೆ ಹೇಳಿದವಳು ಲಾಲಮ್ಮ. ಅವಳು ದಿನಾ ಕೇಂದ್ರದ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಯಾಕೆ ಎಂದು ಕೇಳಿದರೆ, "ನನ್ನ ಹೊಲ ಅದರೊಳಗ ಸಿಕ್ಕಂಡದ. ಕಾಯಬ್ಯಾಡೇನು?" ಎನ್ನುತ್ತಿದ್ದಳು.

ಆಮೀನಾ ಕ್ಲಾಸು ಅರ್ಧಕ್ಕೆ ಬಿಟ್ಟು ಓಡಿಬಂದಳು. "ಅಬ್ಬಾ, ಕೊಟ್ಟಾರ! ಈಗ ಪ್ರೋಗ್ರಾಂ ದೇವಿಂದ್ರನ ಕೈಗಿ ಕೊಟ್ಟಾರ. ಕೊಟ್ಟ ಮ್ಯಾಲ ಒಳಬರಹಾನೂ ಕೊಡಾಕ ಬೇಕು. ಆದ್ರ ಕೇಳಬೇಕಾದಾಂವ ತಗೊಂಡಾಂವ. ಅಂವ ಕೇಳಿದ್ರ, ಬರೆದವಳಾಗಿ ನಾನೂ ಅವನ ಬೆನ್ನಿಗಿ ನಿಂದರ್ತೀನಿ."

ಮೂವರೂ ದೇವಿಂದ್ರನ ಎದುರು ಕೂತರು. ಅವನು ಕೈ ಮುಗಿದ. "ಚಾಚಾ, ನನ್ನ ಬಿಟ್ಟುಬಿಡ್ರಿ. ಕೇಂದ್ರ ಕಸಗೊಂಡ್ರ ನಾ ಮತ್ತ ಮೊಬೈಲ್ ಬಿಚ್ಚಬೇಕು."

ಮನ್ಸೂರಅಲಿ ಕಾನೂನು ಹೇಳಿದ, ಆಮೀನಾ ಲೈಸೆನ್ಸ್ ಓದಿದಳು. ದೇವಿಂದ್ರ ಎರಡಕ್ಕೂ ತಲೆಯಾಡಿಸಿ, ಎರಡಕ್ಕೂ ಬೇಡ ಎಂದ. ಕೊನೆಗೆ ಲಾಲಮ್ಮ ಕೇಳಿದಳು. "ತಮ್ಮಾ, ದಿನಾ ನಿನಗ ಮಂದಿ ಬೈತಾರಲ್ಲ, ಯಾಕ ಬೈತಾರ?"

"ಚೀಟಿ ತಪ್ಪದ ಅಂತಾರ."

"ನೀ ಏನಂತಿ?"

"ನನಗೇನ ಗೊತ್ತದ ಯಕ್ಕಾ? ಮಷಿನ್ ಹೇಳ್ತದ, ನಾ ಹರದು ಕೊಡ್ತೀನಿ."

"ಮತ್ತ ಬೈಸ್ಕೊಳ್ಳಾಂವ ನೀ, ಬಾಯಿ ಮುಚ್ಕೊಂಡು ಕುಂತಿದ್ದು ಮಷಿನ್. ಅದು ಬಾಯಿ ತಗೀಲಿ ಅಂತ ಅನಸಂಗಿಲ್ಲೇನು ನಿನಗ?"

ದೇವಿಂದ್ರ ಕಪ್ಪು ಡಬ್ಬಿಯನ್ನೊಮ್ಮೆ ನೋಡಿ, ಒಂದು ಹಾಳೆ ತೆಗೆದು, ಒಳಬರಹ ಕೊಡಿ ಎಂದು ಆಮೀನಾ ಹೇಳಿದಂತೆ ಕಂಪನಿಗೆ ಬರೆದು, ಸಹಿ ಹಾಕಿದ. ಅವತ್ತಿನ ಮಟ್ಟಿಗೆ ಶಹಾಪುರದಲ್ಲಿ ಅವನಷ್ಟು ಧೈರ್ಯದ ಮನುಷ್ಯ ಇನ್ನೊಬ್ಬನಿರಲಿಲ್ಲ.

ಕಂಪನಿ ಮೊದಲು ಡಬ್ಬಿಯನ್ನು ವಾಪಸು ಒಯ್ಯಲು ಜೀಪು ಕಳಿಸಿತು. ಅದನ್ನು ಕೊಟ್ಟದ್ದೇ ಅಲ್ಲ, ಸುಮ್ಮನೆ ಇಟ್ಟದ್ದು ಎಂದಿತು. ಆಗ ದೇವಿಂದ್ರ ಒಂದು ರಸೀದಿ ತೆಗೆದ. ಡಬ್ಬಿ ಇಳಿಸಿದ ದಿನ ಕಂಪನಿಯ ಮನುಷ್ಯನೇ ಅವನ ಕೈಯಿಂದ ಬರೆಸಿಕೊಂಡು, ಒಂದು ಪ್ರತಿಯನ್ನು ಮೊಹರು ಒತ್ತಿ ಅವನಿಗೂ ಬಿಟ್ಟುಹೋದದ್ದು: 'ಯಂತ್ರ ಒಂದು, ವೈರ್ ಎರಡು, ಪ್ರೋಗ್ರಾಮಿನ ಪ್ರತಿ ಒಂದು, ಇವಿಷ್ಟನ್ನು ಕಂಪನಿ ಕೊಟ್ಟಿದ್ದು, ನಾನು ಪಡೆದುಕೊಂಡಿದ್ದೇನೆ.' ಒಂದು ವೈರಿಗೂ ರಸೀದಿ ಬರೆಸಿಕೊಳ್ಳುವ ಕಂಪನಿ ತನ್ನ ಮೊಹರಿಗೇ ಸಿಕ್ಕಿಬಿತ್ತು. ಆಮೀನಾ ಆ ರಸೀದಿಯ ಜೆರಾಕ್ಸ್ ಇಟ್ಟು ಯಾದಗಿರಿಗೆ ಪತ್ರ ಹಾಕಿದಳು. ಒಂಬತ್ತನೇ ದಿನ ರಿಜಿಸ್ಟರ್ ಅಂಚೆಯಲ್ಲಿ ಒಂದು ಸಿಡಿ ಬಂತು. ಜೊತೆಗೆ ಪತ್ರವಿಲ್ಲ, ನಮಸ್ಕಾರವೂ ಇಲ್ಲ.

ಮಗಳು ಸಿಡಿ ಹಾಕಿ, ತನ್ನ ಬರಹದ ಪಕ್ಕದಲ್ಲಿ ಅವರ ಬರಹವನ್ನಿಟ್ಟು, ವ್ಯತ್ಯಾಸ ಹುಡುಕಿದಳು. ಒಳಗೆ ಹೆಚ್ಚು ಮುಟ್ಟಿರಲಿಲ್ಲ. ಬಣ್ಣ ಬದಲಿಸಿದ್ದರು, ಮೊಹರು ಸೇರಿಸಿದ್ದರು. ಮತ್ತು 'ಮಾಹೆ ತಿಳಿಯದು' ಎಂಬ ಸಾಲನ್ನು ತೆಗೆದು, ಮಾಹೆ ಇಲ್ಲದಿದ್ದರೆ ಹನ್ನೆರಡನೇ ಮಾಹೆ ಎಂದು ತಿಳಿ ಎಂದು ಹಾಕಿದ್ದರು. ಪಕ್ಕದಲ್ಲಿ ಯಾರೋ ಟಿಪ್ಪಣಿ ಬರೆದಿದ್ದರು: 'ಗಿರಾಕಿಗೆ ತಿಳಿಯದು ಎಂಬ ಉತ್ತರ ಹಿಡಿಸುವುದಿಲ್ಲ.' ಹನ್ನೆರಡನೆಯದು ಆಬಾನ್. ಸೆಪ್ಟೆಂಬರ್.

ಮನ್ಸೂರಅಲಿ ಅದನ್ನು ಎರಡು ಸಲ ಓದಿಸಿಕೊಂಡ. ಅವನಿಗೆ ಸಿಟ್ಟು ಬಂತು, ಆಮೇಲೆ ಒಂಥರಾ ಸಮಾಧಾನವಾಯಿತು, ಅದರ ಬೆನ್ನಿಗೇ ಏನೋ ಮುಜುಗರ. ಬೆಂಚಿನ ಗಿರಾಕಿ ಎದುರು ನೋಡುತ್ತ ಕೂತಾಗ, ಗೊತ್ತಾಗದ ಅಕ್ಷರವನ್ನು ಏನೋ ಒಂದು ಹೇಳಿ ದಾಟಿಸಿದ ದಿನಗಳು ಅವನಿಗೂ ಇದ್ದವು. ಬಹಳವಲ್ಲ, ಆದರೆ ಇದ್ದವು. ಅಂಗೈ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ವಿಚಾರಣೆಯ ದಿನ ಅಧಿಕಾರಿ ಆ ಸಾಲನ್ನು ಓದಿ, ಬಣ್ಣದ ಚೀಟಿಯನ್ನು ಬದಿಗಿಟ್ಟರು. "ಇದು ಓದಲ್ಲ, ಊಹೆ," ಎಂದರು. ಲಾಲಮ್ಮ ಉಸಿರು ಬಿಟ್ಟಳು. ಆದರೆ ಹಣಮಂತ್ರಾಯನ ವಕೀಲರು ಎದ್ದು, "ಸರಿ ಸಾಹೇಬರೇ, ಮಷಿನ್ ಬಿಡೋಣ. ಈ ಮನ್ಸೂರಅಲಿ ಹೇಳೋದು ಊಹೆ ಅಲ್ಲ ಅಂತ ಹೇಗೆ ನಂಬೋದು? ಅವರೂ ಬರೀ ಹೇಳ್ತಾರೆ," ಎಂದರು.

"ಅದೂ ಸರಿ," ಎಂದ ಅಧಿಕಾರಿ, ರೆಕಾರ್ಡ್ ರೂಮಿನಿಂದ ತರಿಸಿದ ಮೂಲ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟರು. "ಬನ್ನಿ. ಓದಿ."

ಮನ್ಸೂರಅಲಿ ಮೇಜಿನ ಹತ್ತಿರ ಹೋದ. ಬಾಗಿದ. ಇಪ್ಪತ್ತೆಂಟು ವರ್ಷದ ರೂಢಿ ನೋಡಿ, ಅವನ ಎಡ ಅಂಗೈ ತಾನಾಗಿಯೇ ಹೋಗಿ ಪುಟದ ಮೇಲೆ ಕೂತಿತು. "ಆಜುರ್," ಎಂದ ಅವನು.

ಹಿಂದಿನಿಂದ ಲಾಲಮ್ಮನ ದನಿ ಬಂತು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ.

"ಕೈ ತಗೀರಿ ಸಾಬ್ರ."

ಅವನು ತಿರುಗಿ ನೋಡಿದ.

"ಕಂಪನಿಯವರು ಯಾದಗಿರಿಯಾಗ ಮುಚ್ಚಿ ಇಟ್ಟಿದ್ರು, ನೀವು ಅಂಗೈಯಾಗ ಮುಚ್ಚಿ ಇಟ್ಟೀರಿ. ನಾ ಯಾರನ್ನ ನಂಬಲಿ? ಹೊಲ ನಂದು. ನನಗ ತೋರಿಸ್ರಿ."

ಮನ್ಸೂರಅಲಿಗೆ ಸುರಪುರದ ಮನೆಯ ಕಟ್ಟೆಯ ಮೇಲೆ ಕೂತು ಬೆರಳಿಗೆ ಬೆತ್ತ ಬಾರಿಸಿ ಅಂಗೈ ಇಡುವುದನ್ನು ಕಲಿಸಿದ ಅಪ್ಪ ನೆನಪಾದ. ಅಪ್ಪ ಈಗ ಇಲ್ಲಿದ್ದಿದ್ದರೆ ಏನು ಹೇಳುತ್ತಿದ್ದ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂಲೆಯಲ್ಲಿ ನಿಂತಿದ್ದ ಆಮೀನಾ ಈ ಸಲ ಅಪ್ಪನನ್ನೇ ನೋಡುತ್ತಿದ್ದಳು.

ಅವನು ಅಂಗೈ ಎತ್ತಿದ.

"ಬಾ ಯಕ್ಕಾ," ಎಂದು ಅವಳನ್ನು ಮೇಜಿನ ಹತ್ತಿರ ಕರೆದ. "ಎರಡು ಮಾಹೆ ಅದಾವ, ಆಜುರ್, ಆಬಾನ್. ಎರಡೂ ಹಿಂಗಾ ಶುರುವಾಗ್ತಾವ. ಬಲಗಡಿಯಿಂದ ನೋಡು, ನೆಟ್ಟನೆ ಕಡ್ಡಿ, ತಲಿ ಮ್ಯಾಲ ಅಡ್ಡ ಗೆರಿ. ಇದಕ್ಕಾ ಗೊಂದಲ. ಆದ್ರ ಬಾಲ ಬ್ಯಾರೆ ಬ್ಯಾರೆ. ಆಬಾನ್‌ದು ಬಟ್ಟಲಿನಂಗ ದುಂಡಗ, ನಡುವ ಚುಕ್ಕಿ. ಆಜುರ್‌ದು ಕುಡುಗೋಲಿನಂಗ ಕೆಳಗ ಇಳೀತದ. ಈ ಪುಟದಾಗ ಮ್ಯಾಲ ನಾಕು ಸಾಲಿನಾಗ ಎರಡೂ ಅದಾವ, ಅವುಗಳ ಮ್ಯಾಲ ಎಣ್ಣಿ ಕಲಿ ಇಲ್ಲ. ಇದು ಆಬಾನ್. ಇದು ಆಜುರ್. ಈಗ ನಿಮ್ಮ ಮಾವನ ಸಾಲು ನೋಡು. ಕಲಿ ಕೆಳಗ ಬಾಲ ಒಂದು ಉಳದದ."

ಲಾಲಮ್ಮ ಜೀವಮಾನದಲ್ಲಿ ಕನ್ನಡವನ್ನೂ ಓದಿದವಳಲ್ಲ. ಅವಳು ಬಾಗಿ, ಸೆರಗಿನಿಂದ ಬೆರಳು ಒರೆಸಿಕೊಂಡು, ಮೇಲಿನ ಒಂದು ಸಾಲಿನ ಮೇಲಿಟ್ಟಳು, ಎಣ್ಣೆಯ ಕಲೆಯ ಕೆಳಗೆ ತಂದಳು, ಮತ್ತೆ ಮೇಲೆ ಒಯ್ದಳು.

"ಇದು ಕುಡುಗೋಲು," ಎಂದಳು.

ಅಧಿಕಾರಿ ಬಾಗಿ ನೋಡಿದರು. ವಕೀಲರು ಬಾಗಿ ನೋಡಿದರು, ವಾಪಸು ಹೋಗಿ ಕೂತರು. ಹಣಮಂತ್ರಾಯ ಬಾಗಲಿಲ್ಲ, ಅವನಿಗೆ ವಕೀಲರ ಮುಖವೇ ಸಾಕಾಯಿತು. ಅಧಿಕಾರಿ ಪೆನ್ನು ತೆಗೆದು 'ಆಜುರ್ ಮಾಹೆ, ಅಕ್ಟೋಬರ್ 1947' ಎಂದು ಬರೆದರು.

ಇದಾದ ಮೇಲೆ ಆಮೀನಾ ಪ್ರೋಗ್ರಾಮಿಗೆ ಹೊಸದಾಗಿ ಕೆಲಸ ಮಾಡಿ, ಆ ಜಾಸ್ತಿ ಕಲಮಿನ ಲೈಸೆನ್ಸನ್ನೇ ಹಾಕಿದಳು. ಬರೀ ಉತ್ತರ ಕೊಡುವವರೂ ಒಳಗಿನದನ್ನು ತೋರಿಸಬೇಕು ಎಂಬ ಸಾಲನ್ನು ಅಪ್ಪನಿಗೆ ಓದಿ ಹೇಳಿದಳು. ಅವನು ಈ ಸಲ ಚಹಾದ ಲೋಟ ಕೆಳಗಿಡಲಿಲ್ಲ. ಕಂಪನಿ ಹಳೇ ಪ್ರೋಗ್ರಾಮನ್ನೇ ಇಟ್ಟುಕೊಂಡು, ಕೇಬಲ್ ಜೋಡಿಸಿದ ಮೇಲೆ ಮೊದಲಿನಂತೆಯೇ ನಡೆಯಿತು. 'ಮಾಹೆ ತಿಳಿಯದು' ಎಂಬ ಸಾಲು ಮಾತ್ರ ಹೇಗೋ ವಾಪಸು ಬಂದಿತ್ತು. ದೇವಿಂದ್ರನ ಕೇಂದ್ರವನ್ನು ಯಾರೂ ಕಸಿದುಕೊಳ್ಳಲಿಲ್ಲ, ಅವನಷ್ಟು ಸಹನೆಯಿಂದ ಬೈಸಿಕೊಳ್ಳುವವರು ಇನ್ನೊಬ್ಬರು ಸಿಗಲಿಲ್ಲ.

ಒಂದು ವಾರದ ನಂತರ ಲಾಲಮ್ಮ ಮತ್ತೆ ಬೇವಿನ ಮರದ ಕೆಳಗೆ ಬಂದಳು. ಜೊತೆಗೆ ಅವಳ ಓಣಿಯ ಮೋನಮ್ಮ, ಕೈಯಲ್ಲಿ ಒಂದು ಉರ್ದು ಪಹಣಿ. ಬಂದವರು ಮನ್ಸೂರಅಲಿಯ ಎದುರು ಕೂರಲಿಲ್ಲ. ಅವನದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಪಹಣಿ ಬಿಡಿಸಿಕೊಂಡರು. "ಇದು ಕುಡುಗೋಲು ನೋಡು, ಆಜುರ್," ಎಂದು ಲಾಲಮ್ಮ ಮೋನಮ್ಮನಿಗೆ ಹೇಳುತ್ತಿದ್ದಳು.

ಮನ್ಸೂರಅಲಿ ಓರೆಗಣ್ಣಿನಿಂದ ನೋಡಿದ. ಅದು ಆಜುರ್ ಆಗಿರಲಿಲ್ಲ, ತೀರ್ ಎಂಬ ಬೇರೆ ಮಾಹೆಯಾಗಿತ್ತು. ಅದಕ್ಕೂ ಅಂಥದೇ ಬಾಲ. ಅವನು ಸುಮ್ಮನಿರಬಹುದಿತ್ತು. ತಪ್ಪು ಓದಿಕೊಂಡು ಹೋದವರು ಎರಡು ದಿನದಲ್ಲಿ ತಾವಾಗಿಯೇ ವಾಪಸು ಬರುತ್ತಿದ್ದರು, ಆಗ ಎದುರಿಗೆ ಕೂರುತ್ತಿದ್ದರು. ಅಪ್ಪನ ಮಾತು ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ತಪ್ಪದ ಯಕ್ಕಾ," ಎಂದ ಅವನು.

"ಹ್ಯಾಂಗ ತಪ್ಪದ? ತೋರಿಸ್ರಿ," ಎಂದಳು ಲಾಲಮ್ಮ.

ಮನ್ಸೂರಅಲಿ ಎದ್ದು, ಗೆದ್ದಲು ತಿಂದ ಅಪ್ಪನ ನೋಟ್‌ಬುಕ್ಕನ್ನು ಡಬ್ಬಿಯಿಂದ ತೆಗೆದು, ಇಬ್ಬರು ಹೆಂಗಸರ ನಡುವೆ ಬೆಂಚಿನ ಮೇಲೆ ಬಿಡಿಸಿಟ್ಟ. ಎಡಗೈ ಎಲ್ಲಿಡಬೇಕು ಎಂದು ಅವನಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಕೊನೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಲಗೈಯ ಬೆರಳಿನಿಂದ ಮೊದಲನೇ ಅಕ್ಷರ ತೋರಿಸಿದ.